ಕಾಪಿ ಬರಸೂದು ಬಿಡ್ರಿ, ಬಾಜೂಕ ಕೂಡ್ರಿ

ಅಕ್ಕಾ, ವೈನಿ, ಕಾಕು, ಎಲ್ಲಾರಿಗೂ ಒಂದು ಮಾತು ಹೇಳೋದದ. ಸಿಟ್ಟು ಬಂದ್ರ ಬರ್ಲಿ.

ಹೋದ ವಾರ ಅರಿಶಿಣ-ಕುಂಕುಮಕ್ಕ ಸೇರಿದಾಗ ನನ್ನ ಮಗನ ಅಕ್ಷರದ ಮಾತು ಬಂತು. ಒಂಬತ್ತನೇ ಕ್ಲಾಸಿನ ಹುಡುಗ, ಅಕ್ಷರ ನೋಡಿದ್ರ ಇರುವಿ ಮಸಿಯೊಳಗ ಬಿದ್ದೆದ್ದು ಓಡಿ ಹೋಧಂಗ. ತಲಿಗೊಂದು ಸಲಹೆ ಬಂತು, ಆದ್ರ ಎಲ್ಲಾ ಒಂದೇ: ‘ದಿನಾ ಎರಡು ಪುಟ ಕಾಪಿ ಬರಸ್ರಿ.’ ಒಬ್ಬರಂತೂ ‘ಛಂದ ಇಲ್ಲದ ಪುಟ ಹರದು ಒಗೀರಿ, ಮತ್ತ ಬರೀಲಿ’ ಅಂದ್ರು. ನಾ ಸುಮ್ಮನ ಕೂತೆ. ಯಾಕಂದ್ರ ಅದನ್ನೆಲ್ಲಾ ನಾನೂ ಮಾಡೇನಿ. ಆರು ತಿಂಗಳು ಮಾಡೇನಿ. ಅದಕ್ಕೇ ಈಗ ಹೇಳ್ತೇನಿ: ಅದು ತಪ್ಪು.

ನಾನು ಇಟ್ಟುಕೊಂಡಿರೋ ಆ ಕಾಪಿ ಪುಸ್ತಕಾ ತಗದು ನೋಡಿದ್ರ ಯಾರಿಗೂ ತಿಳೀತದ. ಮೊದಲನೇ ಸಾಲು ಠೀಕ ಅದ. ನಾಕನೇ ಸಾಲಿಗೆ ಅಕ್ಷರ ಜಾರ್ತಾವ. ಪುಟದ ಕೆಳಗ ಬರೋದ್ರಾಗ ಹಳೇ ಇರುವಿ ಸಾಲೇ. ಅಂದ್ರ ನಾನು ದಿನಾ ಅವಗ ಎರಡು ಪುಟ ಕೆಟ್ಟ ಅಕ್ಷರಾನ ರೂಢಿ ಮಾಡಿಸಿದೆ. ಕೈ ಏನು ಮಾಡ್ತದೋ ಅದನ್ನೇ ಕಲೀತದ, ತಪ್ಪು ಮಾಡಿದ್ರ ತಪ್ಪನ್ನೇ.

ಇದಕ್ಕಿಂತಾ ದೊಡ್ಡ ನಷ್ಟ ಇನ್ನೊಂದಾತು. ಸಮಾಜದ ಪರೀಕ್ಷಾದಾಗ ಐದಾರು ವಾಕ್ಯದ ಉತ್ತರಕ್ಕ ಇವಾ ಎರಡೇ ಸಾಲು ಬರದು ಬಂದಿದ್ದ. ಬಾಯಲೆ ಕೇಳಿದೆ, ಎಲ್ಲಾ ಹೇಳಿದ. ‘ಹಂಗಾದ್ರ ಯಾಕ ಬರೀಲಿಲ್ಲ?’ ಅಂದ್ರ, ‘ಜಾಸ್ತಿ ಬರದ್ರ ಜಾಸ್ತಿ ಬೈಸ್ಕೋಬೇಕು’ ಅಂದ. ಅವತ್ತು ಭಕ್ರಿ ಗಂಟಲಾಗ ಇಳೀಲಿಲ್ಲ. ಅಕ್ಷರ ಸುಧಾರಸ್ಲಿಕ್ಕೆ ಹೋಗಿ ಹುಡುಗಗ ಬರಿಯೂದನ್ನೇ ಬಿಡಸ್ಲಿಕ್ಕತ್ತಿದ್ದೆ.

ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಅಲ್ಲಿ ಯಾರು ಕರುಣಾ ತೋರಸ್ತಾರ ಅಂತೀರಿ. ಖರೆ. ಪೇಪರ್ ನೋಡೋರಿಗೆ ನಮ್ಮ ಹುಡುಗ ಯಾರಂತ ಗೊತ್ತಿರೂದಿಲ್ಲ. ಆದ್ರ ಅವರಿಗೆ ಬೇಕಾದದ್ದು ಮುತ್ತಿನಂಥ ಅಕ್ಷರ ಅಲ್ಲ, ತಡವರಿಸದ ಓದ್ಲಿಕ್ಕೆ ಬರೋ ಅಕ್ಷರ. ನಾವು ಮುತ್ತಿಗೆ ಗಂಟುಬಿದ್ದು ಇದ್ದದ್ದನ್ನೂ ಕಳಕೋತೇವಿ.

ನಾವೆಲ್ಲಾ ಭಕ್ರಿ ಬಡೀಲಿಕ್ಕೆ ಹೆಂಗ ಕಲ್ತೇವಿ, ನೆನಸ್ರಿ. ಅಂಚು ಸೀಳಿದ್ರ ಅವ್ವ ‘ನೂರು ಭಕ್ರಿ ಬಡಿ’ ಅಂದ್ಲೇನು? ‘ಎಸರು ಸಾಲಲಿಲ್ಲ, ಇನ್ನಷ್ಟು ನಾದು’ ಅಂತ ಆ ಒಂದೇ ತಪ್ಪು ತೋರಿಸಿದ್ಲು, ಬಾಜೂಕ ನಿಂತ್ಲು. ಅಕ್ಷರಕ್ಕೂ ಅಷ್ಟೇ ಬೇಕು.

ನಾನು ಅವನ ಶಾಲಿ ನೋಟ್ಸು ತಗೊಂಡು ಛಂದ ಇಲ್ಲದ್ದನ್ನ ಬಿಟ್ಟು, ಓದ್ಲಿಕ್ಕೆ ಬರದ್ದನ್ನಷ್ಟೇ ಪೆನ್ಸಿಲ್ಲಿಂದ ಗುರುತು ಮಾಡಿದೆ. ಇಡೀ ಪುಸ್ತಕಾದಾಗ ತಪ್ಪು ನಾಕೇ ಥರದ್ದು. ‘ಮ’ಕ್ಕ ಬಾಲ ಬಿಟ್ಟು ‘ವ’ ಮಾಡ್ತಿದ್ದ. ‘ಧ’ದ ಹೊಟ್ಟಿ ಸೀಳದ ‘ದ’ ಮಾಡ್ತಿದ್ದ. ತಲೆಕಟ್ಟು ಗಾಳಿಯಾಗ ತೇಲ್ತಿತ್ತು. ಒತ್ತಕ್ಷರ ಕೆಳಗಿನ ಸಾಲಿಗೆ ಹೋಗಿ ಗುದ್ದತಿತ್ತು. ನಾಕೇ! ಇದಕ್ಕಾಗಿ ನಾನು ಆರು ತಿಂಗಳು ಎಲ್ಲಾ ಅಕ್ಷರಾನೂ ಬರಸಿದ್ದೆ.

ಕಡೀದು ಹುಡುಗನ ತಪ್ಪೇ ಅಲ್ಲ. ಇಂಗ್ಲಿಷಿನ್ಯಾಗ ಸಾಲಿನ ಕೆಳಗ ಇಳಿಯೂದು ಒಂದು ಸಣ್ಣ ಬಾಲ. ಕನ್ನಡದಾಗ ಒಂದು ಇಡೀ ಒತ್ತು ಇಳೀತದ. ‘ರಾಷ್ಟ್ರ’ ಬರೀರಿ ನೋಡೋಣ, ಒಂದಲ್ಲ, ಎರಡು ಒತ್ತು. ಒತ್ತೊತ್ತಾಗಿ ಗೆರಿ ಎಳದಿದ್ದ ಪುಸ್ತಕಾದಾಗ ಅವಕ್ಕ ಜಾಗಾ ಎಲ್ಲಿ? ಮನ್ಯಾಗ ಒಂದು ಸಾಲು ಬಿಟ್ಟು ಬರೀಲಿಕ್ಕೆ ಹಚ್ಚಿದೆ. ಅರ್ಧ ಜಗಳ ಅಲ್ಲೇ ಮುಗೀತು.

ಇನ್ನ ಕೂಡೋದು. ಮಂಚದ ಮ್ಯಾಲ ಬೋರಲು ಬಿದ್ದು ಬರದ್ರ ಯಾರ ಅಕ್ಷರ ನೆಟ್ಟಗ ಬರ್ತದ? ಟೇಬಲ್ಲಿಗೆ ಕೂಡಿಸಿದೆ. ಪಾದ ನೆಲಕ್ಕ, ಮುಂಗೈ ಟೇಬಲ್ ಮ್ಯಾಲ, ಇನ್ನೊಂದು ಕೈಲೆ ಪುಸ್ತಕ ಒತ್ತಿ ಹಿಡಿಯೂದು. ಹಾಳಿ ತಿರುವಿ ಹಿಂದ ಬೆರಳು ಆಡಿಸಿದೆ. ಅಕ್ಷರ ಕೈಗೆ ಉಬ್ಬಿ ಹತ್ತತಿದ್ವು. ಅಷ್ಟು ಜೋರು ಒತ್ತಿದ್ರ ಕೈ ಸೋಲದ ಏನು ಮಾಡ್ತದ?

ದಿನಕ್ಕ ಹದಿನೈದು ನಿಮಿಷ. ವಾರಕ್ಕ ಒಂದೇ ತಪ್ಪು. ಸಾವಕಾಶ ಬರೀಬೇಕು, ಕೈ ಸೋಲೋಕಿಂತಾ ಮೊದಲ ನಿಲ್ಲಸಬೇಕು. ತಾ ಬರದದ್ದರಾಗ ಯಾವುದು ಛಲೋ ಅಂತ ಅವನೇ ಆರಿಸ್ತಾನ. ಕೈ ಕೂತ ಮ್ಯಾಲೇ ವೇಗದ ಮಾತು. ಕಿರಾಣಿ ಚೀಟಿ ಈಗ ಅವನೇ ಬರೀತಾನ. ಮೊದಲನೇ ವಾರ ಅಂಗಡಿಯವ್ರು ‘ಇದೇನು ಬರದೀರಿ’ ಅಂತ ಎರಡು ಸಲ ಫೋನ್ ಮಾಡಿದ್ರು. ಮೂರನೇ ವಾರದಿಂದ ಫೋನ್ ಇಲ್ಲ, ಸಾಮಾನು ಬರೋಬ್ಬರಿ ಬರ್ತದ.

ಗಾಂಧೀಜಿ ಹೆಸರು ಹೇಳಿ ಹುಡುಗರನ್ನ ಹೆದರಿಸೋರೂ ಇದ್ದಾರ. ಖರೆ, ಕೆಟ್ಟ ಬರವಣಿಗೆ ಅಪೂರ್ಣ ಶಿಕ್ಷಣದ ಗುರುತು ಅಂತ ಅವರು ತಮ್ಮ ಆತ್ಮಕಥೆಯೊಳಗ ಬರದಾರ. ಆದ್ರ ಅವರು ಹೇಳಿದ್ದು ತಮ್ಮದೇ ಅಕ್ಷರದ ಬಗ್ಗೆ, ನಾಚಿಕೊಂಡು. ಮಕ್ಕಳಿಗೆ ಬರಿಯೂದಕ್ಕಿಂತಾ ಮೊದಲ ಚಿತ್ರಾ ತಗಿಯೂದು ಕಲಸಬೇಕು ಅಂತನೂ ಅಲ್ಲೇ ಹೇಳ್ಯಾರ. ಅದನ್ನ ಯಾರೂ ಹೇಳೂದಿಲ್ಲ. ಮುಂದ ಸುಧಾರಸ್ಲಿಕ್ಕೆ ಹೋದೆ, ಹೊತ್ತು ಮೀರಿತ್ತು ಅಂತಾರ. ಅದೊಂದು ಮಾತು ಮಾತ್ರ ನಾ ಒಪ್ಪೂದಿಲ್ಲ. ಹದಿನಾಕು ವರ್ಷದ ಕೈಗೆ ಹೊತ್ತು ಮೀರಿಲ್ಲ.

ಇಷ್ಟೆಲ್ಲಾ ಮಾಡಿದ್ರೂ ಕೈ ನೋವು ಅಂದ್ರ, ಇಲ್ಲಾ ಬಾಯಲೆ ಹೇಳಿದ್ದು ಕಾಗದಕ್ಕ ಇಳೀಲೇ ಇಲ್ಲಂದ್ರ, ಕಣ್ಣು ತೋರಸ್ರಿ, ಡಾಕ್ಟರಿಗೆ ಕೇಳ್ರಿ. ಡಿಸ್ಗ್ರಾಫಿಯಾ ಅಂತ ಬರವಣಿಗಿಯದೇ ಒಂದು ತೊಂದರಿ ಅದ. ಅದು ಮೈಗಳ್ಳತನ ಅಲ್ಲ.

ನನ್ನ ಮಗನ ಅಕ್ಷರ ಇವತ್ತೂ ಛಂದ ಇಲ್ಲ. ಆದ್ರ ಹೋದ ಟೆಸ್ಟಿನ್ಯಾಗ ಉತ್ತರಕ್ಕ ಏಳು ಸಾಲು ಬರದಾನ, ಏಳೂ ಓದ್ಲಿಕ್ಕೆ ಬರ್ತಾವ. ಪುಟ ಹರೀರಿ ಅಂದ ವೈನಿ, ನಿಮಗ ಕೈ ಮುಗದು ಹೇಳ್ತೇನಿ: ಹರದ ಪುಟ ಮತ್ತ ಹೊಂದೂದಿಲ್ಲ. ಅದರ ಬದಲಿ ಹದಿನೈದು ನಿಮಿಷ ಟಿವಿ ಬಂದ ಮಾಡಿ ಬಾಜೂಕ ಕೂಡ್ರಿ.