ಆಪರೇಷನ್ನಿಗೆ ಸಾಲ ಕೊಡುವ ಮುನ್ನ

ಮುಟ್ಟು ನಿಲ್ಲುವುದು ಕಾಯಿಲೆಯಲ್ಲ; ಕಾಲಕ್ಕೆ ಮುಂಚೆ ನಿಲ್ಲಿಸುವುದು ಅನ್ಯಾಯ. ಬಿಳಿಸೆರಗು, ಹೊಟ್ಟೆನೋವು ಎಂದು ಹೋದ ನಮ್ಮ ಕಲಬುರಗಿ ಜಿಲ್ಲೆಯ ತಾಂಡಾಗಳ ಹೆಣ್ಣುಮಕ್ಕಳ ಗರ್ಭಕೋಶವನ್ನು ಖಾಸಗಿ ಆಸ್ಪತ್ರೆಗಳಲ್ಲಿ ಅನಗತ್ಯವಾಗಿ ತೆಗೆದದ್ದು 2015ರಲ್ಲಿ ಬಯಲಾಯಿತು.

ಅಂಡಾಶಯವನ್ನೂ ತೆಗೆದರೆ ಮೂವತ್ತಕ್ಕೇ ಮುಪ್ಪು: ಮೈ ಬಿಸಿಯೇರುತ್ತದೆ, ಮೂಳೆ ಸವೆಯುತ್ತದೆ. ಕೂಲಿಗೆ ಹೋಗಲಾರದವಳಿಗೆ ಮನೆಯಲ್ಲಿ ಬೈಗುಳ, ಹೊಡೆತ. ಅಂಥವಳಿಗೆ ಸುಮಾರು ಐವತ್ತು ವಯಸ್ಸಿನವರೆಗೆ ಹಾರ್ಮೋನು ಚಿಕಿತ್ಸೆ ಬೇಕಾಗಬಹುದು. ಅದರಲ್ಲೂ ಅಪಾಯಗಳಿವೆ, ಎಲ್ಲರಿಗೂ ಒಗ್ಗದು. ವೈದ್ಯರನ್ನು ವಿವರ ಕೇಳುವುದು ಅವಳ ಹಕ್ಕು.

ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿ ಜಾರಿಗೊಳಿಸುವಂತೆ 2023ರಲ್ಲಿ ಸುಪ್ರೀಂ ಕೋರ್ಟು ರಾಜ್ಯಗಳಿಗೆ ಆದೇಶಿಸಿತು. ಕಾಗದದ ಆದೇಶ ತಾನಾಗಿ ತಾಂಡಾಕ್ಕೆ ನಡೆದು ಬರುವುದಿಲ್ಲ. ಗೊಬ್ಬೂರಿನ ಸಂಘದ ಅಕ್ಕತಂಗಿಯರಲ್ಲಿ ನನ್ನ ಮನವಿ ಇಷ್ಟೇ: ಆಪರೇಷನ್ನಿಗೆ ಸಾಲ ಕೇಳಿ ಬಂದವಳಿಗೆ ಹಣ ಎಣಿಸುವ ಮೊದಲು, ಸರ್ಕಾರಿ ಆಸ್ಪತ್ರೆಯ ಇನ್ನೊಬ್ಬ ವೈದ್ಯರ ಬಳಿಗೆ ಅವಳ ಜೊತೆ ನಡೆಯಿರಿ.