ಬೆಕ್ಕು ಸೇಡು ತೀರಿಸ್ಕೊಳ್ಳಲ್ಲ ಸ್ವಾಮೀ!

"ಅದು ಬೇಕೂಂತ್ಲೇ ಮಾಡುತ್ತೆ" ಅನ್ನೋ ಮಾತನ್ನ ಇನ್ನೊಂದು ಸಲ ಕೇಳಿದ್ರೆ ನನಗೆ ತಲೆ ಕೆಡುತ್ತೆ. ಅದಕ್ಕೇ ಬರೀತಿದೀನಿ.

ವಿಷಯ ಬೆಕ್ಕಿನ ಉಚ್ಚೆ. ಟ್ರೇ ಬಿಟ್ಟು ಹಾಸಿಗೆ ಮೇಲೆ, ಸೋಫಾ ಮೇಲೆ, ಬಚ್ಚಲ ಬಾಗಿಲಲ್ಲಿ ಹೊಯ್ಯೋ ಉಚ್ಚೆ. ಮೂಗು ಮುಚ್ಕೊಳ್ಳೋರು ಇಲ್ಲೇ ಓದೋದು ನಿಲ್ಲಿಸಬಹುದು, ನನಗೇನೂ ಬೇಜಾರಿಲ್ಲ :)

ನಮ್ಮನೇಲಿ ಬೆಕ್ಕಿದೆ ಅಂತ ಗೊತ್ತಾದಾಗಿನಿಂದ ಅಕ್ಕಪಕ್ಕದ ಫ್ಲಾಟಿನವರು, ಅವರ ನೆಂಟರು, ನೆಂಟರ ಆಫೀಸಿನವರು ಎಲ್ಲ ನನ್ನ ಹತ್ರ ಕೇಳೋಕೆ ಬರ್ತಾರೆ. ಕತೆ ಹೆಚ್ಚುಕಮ್ಮಿ ಒಂದೇ. ಬೆಕ್ಕಿಗೆ ಎಂಟು ತಿಂಗಳೋ ಹತ್ತು ತಿಂಗಳೋ ಆಗಿರುತ್ತೆ. "ಅಕ್ಕಾ, ಇಷ್ಟು ದಿನ ನೀಟಾಗಿ ಟ್ರೇಗೇ ಹೋಗ್ತಿತ್ತು. ಈಗ ನೋಡಿ, ಇವರ ಶರ್ಟ್ ಮೇಲೆ, ನನ್ನ ದಿಂಬಿನ ಮೇಲೆ. ನಾವು ನಾಲ್ಕು ದಿನ ಊರಿಗೆ ಹೋಗಿದ್ವಲ್ಲ, ಅದರ ಸೇಡು." ಆಮೇಲೆ ಅವರು ಕಂಡುಕೊಂಡ ಪರಿಹಾರಗಳು. ಉಚ್ಚೆಗೆ ಮೂಗು ತಿಕ್ಕೋದು. ಚಪ್ಪಲಿ ಎಸೆಯೋದು. ರಾತ್ರಿಯೆಲ್ಲ ಬಾತ್‌ರೂಮಲ್ಲಿ ಕೂಡಿ ಹಾಕೋದು. ಕೊನೆಗೆ, ಚೀಲ. ಚೀಲದ ವಿಷಯಕ್ಕೆ ಆಮೇಲೆ ಬರ್ತೀನಿ.

ಮೊದಲು ಈ ಸೇಡಿನ ವಿಷಯ. ತೆನಾಲಿ ರಾಮಕೃಷ್ಣನ ಬೆಕ್ಕಿನ ಕತೆ ಚಿಕ್ಕಂದಿನಲ್ಲಿ ಕೇಳದೇ ಇರೋರು ಯಾರಿದ್ದಾರೆ? ರಾಯರು ಮನೆಮನೆಗೂ ಒಂದು ಬೆಕ್ಕು, ಅದರ ಹಾಲಿಗೇಂತ ಒಂದು ಹಸು ಕೊಡ್ತಾರೆ. ರಾಮಕೃಷ್ಣ ಕುದಿಯೋ ಹಾಲನ್ನ ಬೆಕ್ಕಿನ ಮುಂದೆ ಇಡ್ತಾನೆ. ಬಾಯಿ ಸುಟ್ಕೊಂಡ ಬೆಕ್ಕು ಆಮೇಲೆ ಹಾಲಿನ ಬಟ್ಟಲು ಕಂಡ್ರೆ ಸಾಕು, ಓಟ. ಆ ಕತೆ ಕೇಳಿ ನಕ್ಕ ನಾವ್ಯಾರೂ "ಬೆಕ್ಕು ಹಾಲಿನ ಮೇಲೆ ಹಗೆ ಸಾಧಿಸ್ತಿದೆ" ಅನ್ನಲಿಲ್ಲ. ನೋವಾಯ್ತು, ನೆನಪಿಟ್ಕೊಂಡಿತು, ದೂರ ಓಡಿತು. ಆರು ವರ್ಷದ ಮಗುವಿಗೂ ಅರ್ಥ ಆಗೋ ವಿಷಯ ಇದು. ಅದೇ ಬೆಕ್ಕು ಟ್ರೇ ಕಂಡು ದೂರ ಓಡಿದ್ರೆ ಮಾತ್ರ ನಮಗೆ ಅದರಲ್ಲಿ ಟಿವಿ ಧಾರಾವಾಹಿಯ ಅತ್ತೆ ಕಾಣಿಸ್ತಾಳೆ!

ಎಳೇ ಬೆಕ್ಕುಗಳಿಗೆ ಮೂತ್ರಕೋಶ ಉರಿಯೋ ಕಾಯಿಲೆ ಒಂದಿದೆ. ಹೆಚ್ಚಿನ ಸಲ ಅದಕ್ಕೆ ಸೋಂಕೂ ಕಾರಣ ಅಲ್ಲ, ಕಲ್ಲೂ ಅಲ್ಲ. ಬೆಕ್ಕಿಗೆ ಹೆದರಿಕೆಯೋ ಗಾಬರಿಯೋ ಆಗಿರುತ್ತೆ, ಅದು ಮೂತ್ರಕೋಶದ ಒಳಪೊರೆಗೆ ಹೋಗಿ ತಟ್ಟುತ್ತೆ. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಟೋನಿ ಬಫಿಂಗ್ಟನ್ ಅನ್ನೋ ಪಶುವೈದ್ಯರು ವರ್ಷಗಟ್ಟಲೆ ಇದನ್ನೇ ಅಧ್ಯಯನ ಮಾಡಿದ್ರು. ಬರೀ ಔಷಧಿ ಕೊಟ್ಟು ಕೂರೋದಲ್ಲ, ಬೆಕ್ಕಿನ ದಿನಚರಿ, ಬಚ್ಚಿಟ್ಕೊಳ್ಳೋ ಜಾಗ, ನೀರು, ಆಟ ಇವನ್ನೆಲ್ಲ ಸರಿ ಮಾಡಿದ್ರೆ ಬೆಕ್ಕು ಸುಧಾರಿಸುತ್ತೆ ಅನ್ನೋದು ಅವರ ಕೆಲಸದಿಂದ ಗೊತ್ತಾಗಿದ್ದು. ಅಂದ್ರೆ ಊರಿಗೆ ಹೋಗಿದ್ದಕ್ಕೂ ದಿಂಬು ಒದ್ದೆಯಾಗಿದ್ದಕ್ಕೂ ಸಂಬಂಧ ಇರಬಹುದು, ಅಷ್ಟರ ಮಟ್ಟಿಗೆ ನೀವು ಹೇಳೋದು ಸರೀನೇ. ಆದ್ರೆ ಅದು ಕೋಪ ಅಲ್ಲ. ನಾಲ್ಕು ದಿನ ಮನೆ ಖಾಲಿ, ದಿನಕ್ಕೊಂದು ಸಲ ಯಾರೋ ಹೊಸಬರು ಬಂದು ಅನ್ನ ಹಾಕಿ ಹೋದ್ರು, ಬೆಕ್ಕು ಹೆದರಿತು, ಉರಿ ಶುರುವಾಯ್ತು. ಟ್ರೇನಲ್ಲಿ ಕೂತಾಗ ಉರೀತು. ಈಗ ಅದಕ್ಕೆ ಟ್ರೇ ಅಂದ್ರೆ ರಾಮಕೃಷ್ಣನ ಹಾಲಿನ ಬಟ್ಟಲು. ಮೆತ್ತಗಿರೋ ದಿಂಬು, ತಣ್ಣಗಿರೋ ಟೈಲ್ಸು, ಎಲ್ಲಿ ಉರಿಯಲ್ವೋ ನೋಡೋಣ ಅಂತ ಹುಡುಕ್ತಾ ಹೋಗುತ್ತೆ. ಇಂಥದ್ದರ ಮೂಗು ಹಿಡ್ಕೊಂಡು ಉಚ್ಚೆಗೆ ತಿಕ್ಕಿದ್ರೆ ಹೆದರಿಕೆ ಇನ್ನೂ ಹೆಚ್ಚಾಗುತ್ತೆ, ಉರಿನೂ ಹೆಚ್ಚಾಗುತ್ತೆ. ಕಾಯಿಲೆಯನ್ನ ಕೈಯಾರೆ ಬೆಳೆಸಿದ ಹಾಗೆ!

ಗಂಡು ಬೆಕ್ಕಾದ್ರೆ ಇದು ಬರೀ ಬಟ್ಟೆ ಒಗೆಯೋ ತಾಪತ್ರಯ ಅಲ್ಲ, ಪ್ರಾಣದ ವಿಷಯ. ಗಂಡಿನ ಮೂತ್ರನಾಳ ಬಹಳ ಸಣ್ಣದು. ಹರಳಿನಂಥ ಕಸ, ಲೋಳೆ ಸೇರಿ ಬೆಣೆ ಹೊಡೆದ ಹಾಗೆ ಕಟ್ಕೊಳ್ಳುತ್ತೆ. ಬೆಕ್ಕು ಟ್ರೇಗೆ ಹೋಗಿ ಹೋಗಿ ಕೂರುತ್ತೆ, ಮುಕ್ಕುತ್ತೆ, ಅರಚುತ್ತೆ, ಹಿಂದುಗಡೆ ನೆಕ್ಕಿಕೊಳ್ಳುತ್ತೆ. ಒಂದು ಹನಿನೂ ಬರಲ್ಲ. ನಮ್ಮ ಕೆಳಗಿನ ಮನೆಯ ಬೋಂಡನಿಗೆ (ಹತ್ತು ತಿಂಗಳ ಕೆಂಚು ಬೆಕ್ಕು, ಕರೆದ್ರೆ ಮೆಟ್ಟಿಲಿಳಿದು ಬರ್ತಿತ್ತು) ಇದೇ ಆಗಿದ್ದು. ಶುಕ್ರವಾರ ಸೋಫಾ ಮೇಲೆ ನಾಲ್ಕು ಹನಿ ಹೊಯ್ದಿದ್ದಕ್ಕೆ ಏಟು ಬಿತ್ತು. ಶನಿವಾರ ಮುಕ್ಕೋದನ್ನ ನೋಡಿದ ಮನೆಯ ಹಿರಿಯರು ಮಲಬದ್ಧತೆ ಅಂತ ಹರಳೆಣ್ಣೆ ಕುಡಿಸಿದ್ರು. ಒಂದು ಕ್ಲಿನಿಕ್ಕಿಗೆ ಫೋನ್ ಮಾಡಿದ್ರೆ ಸೋಮವಾರ ಕರ್ಕೊಂಡು ಬನ್ನಿ ಅಂದ್ರಂತೆ. ಭಾನುವಾರ ರಾತ್ರಿ ಬೋಂಡ ಸತ್ತ. ಸೋಮವಾರ ಬೆಳಿಗ್ಗೆ ಲಿಫ್ಟಿನ ಹತ್ರ ಸಿಕ್ಕಿದಾಗ ಆ ಮನೆಯವರು ಹೇಳಿದ್ದು, "ಏನೋ ತಿಂದ್ಬಿಟ್ಟಿತ್ತು ಅನ್ಸುತ್ತೆ ಅಕ್ಕಾ."

ಏನೂ ತಿಂದಿರಲಿಲ್ಲ. ಮೂತ್ರ ಕಟ್ಕೊಂಡ್ರೆ ವಿಷ ರಕ್ತದಲ್ಲೇ ಉಳಿಯುತ್ತೆ, ಪೊಟ್ಯಾಸಿಯಂ ಏರಿ ಹೃದಯ ನಿಲ್ಲುತ್ತೆ. ಎರಡು ಮೂರು ದಿನದೊಳಗೆ ಎಲ್ಲ ಮುಗಿಯುತ್ತೆ. ಗಂಡು ಬೆಕ್ಕು ಮುಕ್ಕುತ್ತಿದೆ, ಉಚ್ಚೆ ಬರ್ತಿಲ್ಲ ಅಂದ್ರೆ ಸೋಮವಾರ ಅನ್ನೋ ಮಾತೇ ಇಲ್ಲ, ಆ ಗಂಟೆಯಲ್ಲೇ ಹೊರಡಬೇಕು. ಒಂದು ಕಡೆ ಬಾಗಿಲು ಹಾಕಿದ್ರೆ ಇನ್ನೊಂದು ಕಡೆ. ಟ್ಯೂಬ್ ಹಾಕಿ ಬಿಡಿಸಿದ್ರೆ ಬದುಕೋ ಬೆಕ್ಕುಗಳು ಬೇಕಾದಷ್ಟಿವೆ. ಬರೀ ಒಣ ಕಾಳು ತಿನ್ನಿಸೋರು ನೀರಿನ ಬಟ್ಟಲುಗಳನ್ನ ಎರಡು ಮೂರು ಕಡೆ ಇಡಿ, ಒದ್ದೆ ಆಹಾರನೂ ಕೊಡಿ. ಅದಕ್ಕೇನು ಡಾಕ್ಟರ್ ಹೇಳಬೇಕಾಗಿಲ್ಲ.

ಸರಿ, ಡಾಕ್ಟರಿಗೆ ತೋರಿಸಿ ಆಯ್ತು, ಕಾಯಿಲೆ ಏನೂ ಇಲ್ಲ ಅಂದ್ರು ಅಂತಿಟ್ಕೊಳ್ಳಿ. ಆಗ ಟ್ರೇ ನೋಡಿ. ದಯವಿಟ್ಟು ಬಗ್ಗಿ ನೋಡಿ.

ಹೆದ್ದಾರಿ ಪಕ್ಕದ ಯಾವುದೋ ಹೋಟೆಲಿನ ಟಾಯ್ಲೆಟ್ ಬಾಗಿಲು ತೆಗೆದು, ಮೂಗು ಮುಚ್ಕೊಂಡು, "ಬೇಡಪ್ಪಾ, ಮುಂದೆಲ್ಲಾದ್ರೂ ನೋಡೋಣ" ಅಂತ ವಾಪಸ್ ಬಸ್ ಹತ್ತಿದವರೇ ನಾವೆಲ್ಲ. ಆಗ ನಾವು ಯಾರ ಮೇಲೆ ಸೇಡು ತೀರಿಸ್ಕೊಳ್ತಿದ್ವಿ? ಮೂರು ದಿನದ ಹೇಲು ಹಾಗೇ ಇರೋ ಟ್ರೇ ಮುಂದೆ ಬೆಕ್ಕು ಮಾಡೋದೂ ಅದನ್ನೇ.

ಬೆಕ್ಕು ಮರುಭೂಮಿಯ ಕಡೆಯ ಪ್ರಾಣಿ. ಆಫ್ರಿಕಾ, ಪಶ್ಚಿಮ ಏಷ್ಯಾದ ಕಾಡುಬೆಕ್ಕಿನ ವಂಶ. ಸಡಿಲ ಮರಳು ಸಿಕ್ಕಿದ್ರೆ ಅಗೆದು ಮುಚ್ಚೋದು ಅದಕ್ಕೆ ಯಾರೂ ಕಲಿಸಬೇಕಾಗಿಲ್ಲ, ನಾಲ್ಕು ವಾರದ ಮರಿನೇ ಕೆರೆಯೋಕೆ ಶುರು ಮಾಡುತ್ತೆ. ನಮ್ಮ ಊರಿನ ಮನೆಗಳಲ್ಲಿ ಹಿತ್ತಲ ಮಣ್ಣಿತ್ತು, ಬಚ್ಚಲ ಒಲೆಯ ಬೂದಿ ಸುರಿಯೋ ಗುಂಡಿ ಇತ್ತು. ಬೆಕ್ಕು ಎಲ್ಲಿ ಹೋಗುತ್ತೆ ಅಂತ ಯಾರೂ ಕೇಳ್ತಾನೇ ಇರಲಿಲ್ಲ. ಅಮೆರಿಕದಲ್ಲೂ ಬೂದಿ, ಮರಳನ್ನೇ ಇಡ್ತಿದ್ರಂತೆ. 1947ರಲ್ಲಿ ಮಿಚಿಗನ್ನಿನ ಎಡ್ ಲೋ ಅನ್ನೋರು ಪಕ್ಕದ ಮನೆಯಾಕೆಗೆ ಬೂದಿ ಬದಲು ನೀರು ಹೀರೋ ಜೇಡಿಮಣ್ಣಿನ ಹರಳು ಕೊಟ್ರು. ಅಂಗಡಿ ಲಿಟರ್ ಹುಟ್ಟಿದ್ದು ಹಾಗೆ. ಈಗ ನಮಗೆ ಸಿಗೋ ಗಟ್ಟಿಯಾಗೋ ಲಿಟರ್ ಬೆಂಟೊನೈಟ್ ಅನ್ನೋ ಜೇಡಿಮಣ್ಣು, ನಮ್ಮ ಕಛ್ ಕಡೆ ಧಾರಾಳವಾಗಿ ಅಗೆಯೋ ಮಣ್ಣೇ. ಅಂದ್ರೆ ಬೆಕ್ಕು ಕೇಳ್ತಿರೋದು ಮಣ್ಣು, ಅಷ್ಟೇ. ಲ್ಯಾವೆಂಡರ್ ಕೇಳ್ತಿಲ್ಲ!

ಲ್ಯಾವೆಂಡರ್ ಬೇಕಾಗಿರೋದು ನಿಮಗೆ. ನಮಗಿಂತ ಎಷ್ಟೋ ಪಟ್ಟು ಚುರುಕಾದ ಮೂಗಿನ ಪ್ರಾಣಿಗೆ ಆ ಸೆಂಟು ಕಣ್ಣಲ್ಲಿ ನೀರು ಬರಿಸುತ್ತೆ. ಮುಚ್ಚಳದ ಟ್ರೇ ಬೇಕಾಗಿರೋದೂ ನಿಮಗೇ, ನೆಂಟರಿಗೆ ಕಾಣಬಾರದು ಅಂತ. ಬೆಕ್ಕಿಗೆ ಅದು ನಾತ ತುಂಬಿದ ಗೂಡು. ಇನ್ನು ಅಳತೆ. ಪೆಟ್ ಶಾಪಿನವನು ಎರಡು ತಿಂಗಳ ಮರಿಗೆ ಕೊಟ್ಟ ಬಣ್ಣದ ಟ್ರೇನಲ್ಲಿ ಹತ್ತು ತಿಂಗಳ ಬೆಕ್ಕು ತಿರುಗೋದು ಹೇಗೆ? ಮುಂದಿನ ಕಾಲು ಒಳಗೆ, ಅಂಡು ಹೊರಗೆ. ಪಾಪ, ಅದು ಟ್ರೇನಲ್ಲೇ ಇದೀನಿ ಅನ್ಕೊಂಡಿರುತ್ತೆ, ನೀವು ಬೈತಿರ್ತೀರಿ! ಮೂಗಿಂದ ಬಾಲದ ಬುಡದವರೆಗೆ ಅಳೆದು ಅದರ ಒಂದೂವರೆಯಷ್ಟು ಉದ್ದ ಇರಬೇಕು ಅನ್ನೋದು ಪಶುವೈದ್ಯರ ಲೆಕ್ಕ. ಪಾತ್ರೆ ಅಂಗಡಿಯಲ್ಲಿ ಸಿಗೋ ದೊಡ್ಡ ಪ್ಲಾಸ್ಟಿಕ್ ಟಬ್ ಸಾಕು, ಒಂದು ಕಡೆ ಅಂಚು ತಗ್ಗಿಸಿ ಕತ್ತರಿಸಿ. ಬೆಕ್ಕು ಎಷ್ಟೋ ಅದಕ್ಕಿಂತ ಒಂದು ಟ್ರೇ ಹೆಚ್ಚಿಗೆ, ಬೇರೆ ಬೇರೆ ಜಾಗದಲ್ಲಿ. ಅಮೆರಿಕದ ಬೆಕ್ಕಿನ ಡಾಕ್ಟರುಗಳ ಸಂಘ ಮತ್ತು ಅಂತಾರಾಷ್ಟ್ರೀಯ ಸಂಘ ಸೇರಿ 2014ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲೂ ಇಂಥವೇ ಮಾತು ಇರೋದು. ಒಂದೇ ರೂಮಿನ ಮನೆಯಲ್ಲಿ ಎರಡು ಟ್ರೇ ಎಲ್ಲಿಡಲಿ ಅಂತೀರಾ? ಒಪ್ತೀನಿ, ಕಷ್ಟಾನೇ. ಹಾಗಾದ್ರೆ ಒಂದನ್ನೇ ದಿನಕ್ಕೆ ಎರಡು ಸಲ ಬಾಚಿ. ವಾಷಿಂಗ್ ಮಷೀನ್ ಪಕ್ಕ ಮಾತ್ರ ಇಡಬೇಡಿ. ಉಚ್ಚೆಗೆ ಕೂತಾಗಲೇ ಅದು ಗಡಗಡ ಅಂತ ಸುತ್ತೋಕೆ ಶುರು ಮಾಡಿದ್ರೆ ನೀವಾದ್ರೂ ಇನ್ನೊಂದು ಸಲ ಅಲ್ಲಿ ಕೂರ್ತೀರಾ?

(ಲಿಟರ್ ದುಬಾರಿ ಅಂತ ಮನೆ ಕಟ್ಟೋ ಜಾಗದಿಂದ ಎಂ-ಸ್ಯಾಂಡ್ ತರೋರಿದ್ದಾರೆ. ಅದು ಕಲ್ಲು ಪುಡಿ ಮಾಡಿದ್ದು, ಕಾಳು ಚೂಪು, ಧೂಳು ಬೇರೆ. ಅದಕ್ಕಿಂತ ಸಾಮಿಲ್ಲಿನ ಮರದ ಹೊಟ್ಟು ವಾಸಿ. ಬಹಳ ಎಳೇ ಮರಿಗಳಿಗೂ ಹೊಟ್ಟೋ ಪೇಪರ್ ಚೂರೋ ಒಳ್ಳೇದು, ಅವು ಲಿಟರನ್ನ ತಿಂದುಬಿಡ್ತವೆ.)

ನಿಂತ್ಕೊಂಡು, ಬಾಲ ಎತ್ತಿ ನಡುಗಿಸಿ, ಗೋಡೆಗೆ ಚಿಮ್ಮಿಸಿದ್ರೆ ಅದು ಬೇರೆ ಕತೆ. ಪ್ರಾಯಕ್ಕೆ ಬಂದ ಬೆಕ್ಕು ತನ್ನ ಗಡಿ ಗುರುತು ಮಾಡೋ ರೀತಿ. ಐದಾರು ತಿಂಗಳಲ್ಲೇ ಆಪರೇಷನ್ ಮಾಡಿಸಿದ್ರೆ ನೂರು ಗಂಡು ಬೆಕ್ಕಲ್ಲಿ ಸುಮಾರು ತೊಂಬತ್ತಕ್ಕೆ ಈ ಚಟ ಬರಲ್ಲ, ಇಲ್ಲಾ ನಿಂತುಹೋಗುತ್ತೆ. "ಅಯ್ಯೋ ಪಾಪ, ಅದರ ಸಂಸಾರ ಹಾಳು ಮಾಡಬಾರದು" ಅಂತ ಆಪರೇಷನ್ ಬೇಡ ಅನ್ನೋ ಮಹಾನುಭಾವರೇ ಆರು ತಿಂಗಳು ಕಳೆದ ಮೇಲೆ ಚೀಲ ಹುಡುಕೋದು. ಯಾವುದು ಪಾಪ ಅಂತ ನನಗಂತೂ ಗೊತ್ತಾಗಲ್ಲ.

ಆಮೇಲೆ ಫಿನಾಯಿಲ್. ನಮ್ಮವರಿಗೆ ಎಲ್ಲಾ ಗಲೀಜಿಗೂ ಫಿನಾಯಿಲೇ ಮದ್ದು. ಬೆಕ್ಕಿನ ಪಿತ್ತಕೋಶಕ್ಕಲ್ಲ, ಲಿವರಿಗೆ ಫೀನಾಲ್ ಜಾತಿಯ ವಸ್ತುಗಳನ್ನ ಅರಗಿಸಿ ಹೊರಹಾಕೋ ಶಕ್ತಿ ಬಹಳ ಕಮ್ಮಿ. (ಅರ್ಧ ಮಾತ್ರೆ ಪ್ಯಾರಾಸಿಟಮಾಲ್ ಅದನ್ನ ಕೊಲ್ಲಬಲ್ಲದು ಅನ್ನೋದೂ ಇದೇ ಕಾರಣಕ್ಕೆ, ಜ್ವರ ಅಂತ ಮನೇಲೇ ಮಾತ್ರೆ ನುಂಗಿಸೋರು ಗಮನಿಸಿ.) ಕಪ್ಪು ಫಿನಾಯಿಲ್ ಒರೆಸಿದ ನೆಲ ತುಳಿಯುತ್ತೆ, ಪಾದ ನೆಕ್ಕುತ್ತೆ, ವಿಷ ಒಳಗೆ. ಅದರ ಮೇಲೆ ಆ ವಾಸನೆಗೆ ಉಚ್ಚೆ ವಾಸನೆ ಹೋಗೋದೂ ಇಲ್ಲ, ಬೆಕ್ಕಿನ ಮೂಗಿಗೆ ಅದು ಅಡಿಯಲ್ಲಿ ಹಾಗೇ ಇರುತ್ತೆ, ಮತ್ತೆ ಅದೇ ಜಾಗಕ್ಕೆ ಬರುತ್ತೆ. ಬಟ್ಟೆಯಿಂದ ಒತ್ತಿ ಹೀರಿಸಿ, ಎನ್ಜೈಮ್ ಇರೋ ಬಟ್ಟೆ ಸೋಪಿನ ಪುಡಿಯನ್ನ ಉಗುರುಬೆಚ್ಚಗಿನ ನೀರಲ್ಲಿ ಕಲಸಿ ತೊಳೆದು, ಚೆನ್ನಾಗಿ ಒಣಗಿಸಿ. ಹಾಸಿಗೆಯಾದ್ರೆ ಟೆರೇಸಿನ ಬಿಸಿಲು ಇದ್ದೇ ಇದೆ.

ಬಸುರಿ ಇದ್ದಾಳೆ ಅಂತ ಬೆಕ್ಕನ್ನ ಓಡಿಸೋರು ಇನ್ನೊಂದು ಗುಂಪು. ಟಾಕ್ಸೊಪ್ಲಾಸ್ಮಾ ಸುಳ್ಳಲ್ಲ. ಆದ್ರೆ ಬೆಕ್ಕಿನ ಹೇಲಿನಲ್ಲಿ ಬರೋ ಅದರ ಮೊಟ್ಟೆಯಂಥ ಕಣ ಸೋಂಕು ತರೋ ಹಾಗಾಗೋಕೆ ಒಂದರಿಂದ ಐದು ದಿನ ಬೇಕು. ದಿನಾ ಟ್ರೇ ಬಾಚಿದ್ರೆ ಅದಕ್ಕೆ ಅವಕಾಶವೇ ಇಲ್ಲ. ಬಾಚೋ ಕೆಲಸ ಗಂಡ ಮಾಡಲಿ. ಬೆಕ್ಕನ್ನ ಹೊರಗೆ ಹಾಕೋದಕ್ಕಿಂತ ಇದು ಕಷ್ಟ ಅಂತ ಕೆಲವು ಮನೆಗಳಲ್ಲಿ ಅನ್ಸುತ್ತೆ, ಏನ್ ಮಾಡೋದು!

ಈಗ ಚೀಲ. "ಮೀನು ಮಾರ್ಕೆಟ್ ಹತ್ರ ಬಿಟ್ವಿ, ಹೊಟ್ಟೆ ತುಂಬ ತಿನ್ಕೊಂಡು ಹಾಯಾಗಿರುತ್ತೆ." ಈ ಹಾಯಾಗಿರೋದನ್ನ ಮಾರನೇ ದಿನ ಹೋಗಿ ನೋಡ್ಕೊಂಡು ಬಂದವರು ಒಬ್ಬರೂ ನನಗೆ ಸಿಕ್ಕಿಲ್ಲ. ಮಾರ್ಕೆಟ್ಟಿನಲ್ಲಿ ಆಗಲೇ ಬೆಕ್ಕುಗಳಿವೆ, ಒಂದೊಂದಕ್ಕೂ ಒಂದೊಂದು ಅಂಗಡಿ ಕಟ್ಟೆ ಅಂತ ಹಂಚಿಕೆಯಾಗಿದೆ. ನಾಯಿಗಳಿವೆ, ಗಾಡಿಗಳಿವೆ. ಮೂರನೇ ಮಹಡಿಯಲ್ಲಿ ಬಟ್ಟಲಲ್ಲಿ ಹಾಕಿದ್ದನ್ನ ತಿಂದು ಬೆಳೆದ ಬೆಕ್ಕಿಗೆ ನಾಯಿ ಅಂದ್ರೆ ಏನೂಂತಲೇ ಗೊತ್ತಿರಲ್ಲ. ಹೀಗೆ ಸಾಕಿದ ಪ್ರಾಣಿಯನ್ನ ಹಸಿವು ಬಾಯಾರಿಕೆಗೆ ಬಿಟ್ಟು ಬರೋದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಕಾಯಿದೆ ಬರೆದವರು ಮೊದಲ ಸಲದ ತಪ್ಪಿಗೆ ಇಟ್ಟ ದಂಡ 10 ರೂಪಾಯಿಂದ 50 ರೂಪಾಯಿ. ಒಂದು ಚೀಲ ಲಿಟರ್ ಕೂಡ ಬರಲ್ಲ ಅದಕ್ಕೆ.

ಇಷ್ಟೆಲ್ಲ ಮಾಡಿಯೂ ಸರಿಹೋಗದಿದ್ರೆ ಅಂತ ಕೇಳ್ತೀರಿ, ಗೊತ್ತು. ಕೆಲವು ಹೋಗಲ್ಲ, ನಿಜ. ಬಾಡಿಗೆ ಮನೆ, ಓನರ್ ಕಾಟ, ಅದೂ ನಿಜ. ವಾಸನೆ ತಡೆಯೋಕಾಗಲ್ಲ ಅನ್ನೋದನ್ನ ನಾನು ಅಲ್ಲಗಳೆಯಲ್ಲ. ಹಾಗಾದ್ರೆ ಅದಕ್ಕೊಂದು ಮನೆ ಹುಡುಕಿ, ಹಿತ್ತಲು ಇರೋ ಮನೆ ಆದ್ರೆ ಇನ್ನೂ ಒಳ್ಳೇದು. ತಗೊಳ್ಳೋರಿಗೆ ಉಚ್ಚೆಯ ವಿಷಯ ಮುಚ್ಚಿಡಬೇಡಿ, ಡಾಕ್ಟರ್ ಚೀಟಿನೂ ಜೊತೆಗೆ ಕೊಡಿ. ಹುಡುಕೋಕೆ ತಿಂಗಳು ಹಿಡಿದ್ರೆ ಆ ತಿಂಗಳು ಹಾಸಿಗೆ ಮೇಲೆ ಒಂದು ಪ್ಲಾಸ್ಟಿಕ್ ಹಾಳೆ ಹಾಸ್ಕೊಳ್ಳಿ. ಮಗು ಇದ್ದ ಮನೆಯಲ್ಲಿ ರಬ್ಬರ್ ಶೀಟು ಹಾಸಿ ಮಲಗಿಲ್ವಾ ನಾವು?