ಪದ ಸಿನಿಮಾದ್ದು, ಅರ್ಥ ನಮ್ಮದು!

"ಸಿನಿಮಾ ಹಾಡಲ್ಲಿ ಎಂತ ಉಂಟು ಮಾರಾಯ? ಬರೀ ಪ್ರೀತಿ, ಪ್ರೇಮ, ಮರ ಸುತ್ತೋದು!"

ಹಿರಿಯರ ಮಾಮೂಲಿ ಫಿರ್ಯಾದು ಇದು. ಪಿಯುಸಿ ಅರ್ಧಕ್ಕೆ ಬಿಟ್ಟು ಸಿನಿಮಾ ಬಗ್ಗೆ ಬರೆದು ಬದುಕುವ ನನ್ನಂಥವನಿಗಂತೂ ಮದುವೆ ಮನೆಯ ಪಂಕ್ತಿಯಲ್ಲಿ ಉಪ್ಪಿನಕಾಯಿ ಜೊತೆಗೆ ಈ ಮಾತನ್ನೂ ಬಡಿಸಿಯೇ ಬಡಿಸುತ್ತಾರೆ. ಅಭಿಮಾನಿ ಮಿತ್ರರೇ, ನಿಮಗೂ ಬಡಿಸಿರುತ್ತಾರೆ. ಈ ವಾರ ಉತ್ತರ ಕೊಟ್ಟೇ ಬಿಡೋಣ. ಧರ್ಮ, ಅರ್ಥ, ಕಾಮ, ಮೋಕ್ಷ ಅಂತ ನಾಲ್ಕು ಪುರುಷಾರ್ಥ ಹೇಳ್ತಾರಲ್ಲ, ಆ ನಾಲ್ಕೂ ನಮ್ಮ ಕನ್ನಡ ಚಿತ್ರಗೀತೆಗಳಲ್ಲಿವೆ. ಸಾಕ್ಷಿ ಸಮೇತ ಬಂದಿದ್ದೇನೆ!

ನಮ್ಮ ವಾಮದಪದವು ಬಂಟ್ವಾಳ ತಾಲೂಕಿನ ಊರು. ತಾಳಮದ್ದಳೆಯ ಸೀಮೆ ಇದು. ಘಟ್ಟದ ಮೇಲಿನ ಓದುಗರಿಗೆ ಹೇಳಬೇಕೆಂದರೆ, ವೇಷ ಕುಣಿತ ಇಲ್ಲದ ಯಕ್ಷಗಾನವೇ ತಾಳಮದ್ದಳೆ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಆ ಪದ ಹಿಡಿದು ಮಾತಾಡುತ್ತಾರೆ. ಆ ಮಾತಿಗೆ ನಮ್ಮಲ್ಲಿ 'ಅರ್ಥ' ಅಂತಲೇ ಹೆಸರು. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಕೇಳಲು ಜನ ನಿದ್ದೆಗೆಟ್ಟು ಕೂರುತ್ತಿದ್ದರು. ಇವತ್ತು ನಾವೂ ಹಾಗೇ ಮಾಡೋಣ. ಪದ ಸಿನಿಮಾದ್ದು, ಅರ್ಥ ನಮ್ಮದು.

ಪ್ರಸಂಗ ಯಾವುದು? ಮಹಾಭಾರತದ ಶಾಂತಿಪರ್ವ. ಯುದ್ಧ ಮುಗಿದಿದೆ. ಧರ್ಮರಾಯ ತಮ್ಮಂದಿರನ್ನೂ ವಿದುರನನ್ನೂ ಕೂರಿಸಿಕೊಂಡು ಕೇಳುತ್ತಾನೆ: ಧರ್ಮ, ಅರ್ಥ, ಕಾಮ, ಇವುಗಳಲ್ಲಿ ದೊಡ್ಡದು ಯಾವುದು?

ಮೊದಲು ಎದ್ದವನು ವಿದುರ. ಧರ್ಮವೇ ದೊಡ್ಡದು ಅಂದ. ಅವನ ಪಕ್ಷಕ್ಕೆ ನನ್ನ ಸಾಕ್ಷಿ 1965ರ 'ಸತ್ಯ ಹರಿಶ್ಚಂದ್ರ'. ಹುಣಸೂರು ಕೃಷ್ಣಮೂರ್ತಿಯವರ ಚಿತ್ರ. ಅದರಲ್ಲಿ ಕುಲದ ಮೇಲು ಕೀಳನ್ನು ಪ್ರಶ್ನೆ ಮಾಡುವ ಹಾಡು ಯಾರ ಬಾಯಲ್ಲಿ ಬರುತ್ತದೆ? ರಾಜನ ಬಾಯಲ್ಲಲ್ಲ, ಋಷಿಯ ಬಾಯಲ್ಲೂ ಅಲ್ಲ. ಮಸಣದ ಒಡೆಯ ವೀರಬಾಹುವಿನ ಬಾಯಲ್ಲಿ! ಎಂ.ಪಿ. ಶಂಕರ್ ಪಾತ್ರ, ಘಂಟಸಾಲರ ಕಂಠ. ಸಿಂಹಾಸನದ ಮೇಲೆ ಕೂತವನು ಧರ್ಮ ಹೇಳುವುದು ಸುಲಭ ಸ್ವಾಮಿ. ಹೆಣ ಸುಡುವವನು ಹೇಳಿದಾಗ ಎದೆಗೆ ನಾಟುತ್ತದೆ.

ಆಮೇಲೆ ಅರ್ಜುನ. ಈ ಭೂಮಿ ಕೆಲಸದ ಭೂಮಿ. ಬೇಸಾಯ, ವ್ಯಾಪಾರ, ಪಶುಪಾಲನೆ ಇಲ್ಲಿ ಮುಖ್ಯ. ಅರ್ಥವಿಲ್ಲದೆ ಉಳಿದೆರಡೂ ನಡೆಯವು ಅಂದ. ದುಡ್ಡು ಅಂದರೆ ಪಾಪ ಅಂತ ಯಾವ ಶಾಸ್ತ್ರ ಹೇಳಿತು? ಕೌಟಿಲ್ಯನ 'ಅರ್ಥಶಾಸ್ತ್ರ'ದ ಮಾತೂ ಇದೇ: ಧರ್ಮಕ್ಕೂ ಕಾಮಕ್ಕೂ ಬೇರು ಅರ್ಥ. ಆ ಗ್ರಂಥದ ಹಸ್ತಪ್ರತಿಯನ್ನು 1905ರಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ನಮ್ಮ ಮೈಸೂರಿನ ಆರ್. ಶಾಮಶಾಸ್ತ್ರಿಗಳು! ಸಿನಿಮಾದಲ್ಲಿ ಅರ್ಜುನನ ಪಕ್ಷ ಹಿಡಿದದ್ದು 1972ರ 'ಬಂಗಾರದ ಮನುಷ್ಯ'. ಕೈಕಟ್ಟಿ ಕೂತರೆ ಏನೂ ಆಗದು, ದುಡಿ ಎನ್ನುವ ಹಾಡು ಅದರಲ್ಲಿದೆ. ಜಿ.ಕೆ. ವೆಂಕಟೇಶ್ ಸಂಗೀತ, ಪಿ.ಬಿ. ಶ್ರೀನಿವಾಸ್ ಕಂಠ. ಅಣ್ಣಾವ್ರ ರಾಜೀವ ಬರಡು ನೆಲವನ್ನು ಹಸಿರು ಮಾಡುತ್ತಾನೆ. ಕೊನೆಗೆ ಮನೆಯವರೇ ಅನುಮಾನಿಸಿದಾಗ ಗಳಿಸಿದ್ದನ್ನೆಲ್ಲ ಬಿಟ್ಟು ನಡೆದುಬಿಡುತ್ತಾನೆ. ದುಡಿಯಲೂ ಗೊತ್ತು, ಬಿಡಲೂ ಗೊತ್ತು.

ಇದರ ಹಿಂದಿನ ವರ್ಷವೇ ಬಂದ 'ಕಸ್ತೂರಿ ನಿವಾಸ'ವನ್ನು ಪಕ್ಕದಲ್ಲಿಟ್ಟು ನೋಡಿ. ಬೆಂಕಿಪೊಟ್ಟಣದ ಕಾರ್ಖಾನೆಯ ಧಣಿ, ಕೊಟ್ಟೂ ಕೊಟ್ಟೂ ಬರಿಗೈಯಾಗುತ್ತಾನೆ. ತಳ್ಳಿದರೂ ಎದ್ದು ನಿಲ್ಲುವ ಬೊಂಬೆಯ ಮೇಲೆ ಚಿ. ಉದಯಶಂಕರ್ ಬರೆದ ಹಾಡು ಮೊದಲು ನಗುನಗುತ್ತ ಬರುತ್ತದೆ, ಆಮೇಲೆ ಅಳುತ್ತ ಬರುತ್ತದೆ. ಕಣ್ಣಲ್ಲಿ ನೀರು ಬಂದರೂ ಒಂದು ಪ್ರಶ್ನೆ ಉಳಿಯುತ್ತದೆ. ಅರ್ಥ ಪೂರ್ತಿ ಬರಿದಾದ ಮೇಲೆ ದಾನಧರ್ಮ ಮಾಡುವುದು ಯಾವುದರಿಂದ?

ಇನ್ನು ಭೀಮ. ನಮ್ಮ ಪಾರ್ಟಿ! ಆಸೆ ಇಲ್ಲದೆ ಯಾರೂ ಏನೂ ಮಾಡುವುದಿಲ್ಲ, ಋಷಿಗಳು ತಪಸ್ಸಿಗೆ ಕೂರುವುದೂ ಆಸೆಯಿಂದಲೇ, ಕಾಮ ಅಂದರೆ ಮೊಸರಲ್ಲಿನ ಬೆಣ್ಣೆ ಅಂದುಬಿಟ್ಟ. ಭೀಮನಿಗೆ 1987ರ 'ಪ್ರೇಮಲೋಕ' ತೋರಿಸಿದ್ದರೆ ಹಂಸಲೇಖರಿಗೆ ಹಾರ ಹಾಕುತ್ತಿದ್ದ! ಆದರೆ ಒಂದು ಮಾತು ಗೆಳೆಯರೇ. ಹುಡುಗಿಯ ದಾರಿಗೆ ಅಡ್ಡ ನಿಂತು, ಸೆರಗೆಳೆದು, ಛೇಡಿಸಿ 'ಒಪ್ಪಿಸುವ' ಹಾಡುಗಳೂ ನಮ್ಮಲ್ಲಿ ರಾಶಿ ಇವೆ. ಹೆಸರು ಬೇಡ. ಅದನ್ನು ನೋಡಿ ಬಸ್‌ಸ್ಟ್ಯಾಂಡಿನಲ್ಲಿ ಶಿಳ್ಳೆ ಹೊಡೆದರೆ ಅದು ಪುರುಷಾರ್ಥ ಅಲ್ಲ, ಪೊಲೀಸ್ ಕೇಸು. 2006ರ 'ಮುಂಗಾರು ಮಳೆ' ನೆನಪಿಸಿಕೊಳ್ಳಿ. ಜಯಂತ ಕಾಯ್ಕಿಣಿ ಬರೆದು ಸೋನು ನಿಗಮ್ ಹಾಡಿದ ಗೀತೆ ನಾಡಿಗೆ ನಾಡನ್ನೇ ಪ್ರೀತಿಗೆ ಬೀಳಿಸಿತು. ಆ ಗೀತೆಯ ನಾಯಕ ಕೊನೆಗೆ ಏನು ಮಾಡುತ್ತಾನೆ? ತಾನು ಪ್ರೀತಿಸಿದವಳನ್ನು ಇನ್ನೊಬ್ಬನ ಜೊತೆ ಮದುವೆಗೆ ಬಿಟ್ಟುಕೊಡುತ್ತಾನೆ. ಕಾಮ ಧರ್ಮದ ಬಾಗಿಲು ದಾಟಿ ಬಂದದ್ದು ಹೀಗೆ.

ಎಲ್ಲರದ್ದೂ ಕೇಳಿ ಧರ್ಮರಾಯ ತನ್ನದು ಹೇಳಿದ. ಮೋಕ್ಷ. 1974ರ 'ಭಕ್ತ ಕುಂಬಾರ'ದಲ್ಲಿ ಈ ದೇಹದ ಬೆಲೆ ಎಷ್ಟು ಎಂದು ಕೇಳುವ ಹಾಡು ಪಿ.ಬಿ.ಎಸ್. ಕಂಠದಲ್ಲಿದೆ. ಕೇಳಿದರೆ ಈಗಲೂ ಮೈ ಜುಂ ಅನ್ನುತ್ತದೆ. ಇನ್ನೊಂದು 1982ರ 'ಚಲಿಸುವ ಮೋಡಗಳು' ಚಿತ್ರದ್ದು. ಕಣ್ಣಿಗೆ ಕಾಣದೆ ಹೋದ ಶಿವನ ಬಗ್ಗೆ ಪುಟ್ಟ ಪುನೀತ್ ಹಾಡಿದ್ದು. ಮಗುವಿನ ದನಿ ಅಂತ ನಕ್ಕು ಕೇಳಿದವರೇ ಎಲ್ಲ. 2021ರ ಅಕ್ಟೋಬರ್ 29ರಂದು, ಬರೀ 46 ವರ್ಷಕ್ಕೆ ಅಪ್ಪು ಹೋದರಲ್ಲ, ಆವತ್ತಿನಿಂದ ಆ ಹಾಡಿನ ಅರ್ಥವೇ ಬದಲಾಯಿತು. ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಆಮೇಲೆ ಅಭಿಮಾನಿಗಳು ಸಾಲುಗಟ್ಟಿ ನೇತ್ರದಾನಕ್ಕೆ ಹೆಸರು ಬರೆಸಿದರು. ಕಟೌಟಿಗೆ ಹಾಲು ಸುರಿಯುವುದಕ್ಕಿಂತ ಇದು ಎಷ್ಟು ದೊಡ್ಡದು, ನೀವೇ ಹೇಳಿ.

ಆಯ್ತಲ್ಲ? ಇಲ್ಲ, ಇಬ್ಬರು ಬಾಕಿ. ನಕುಲ, ಸಹದೇವ. ತಾಳಮದ್ದಳೆಯಲ್ಲೂ ಇವರಿಗೆ ಮಾತು ಕಡಿಮೆ, ಸಿನಿಮಾದಲ್ಲೂ ಕಡಿಮೆ. ಆದರೆ ಆ ಸಭೆಯಲ್ಲಿ ಕಿರಿಯರ ಮಾತೇ ನನಗೆ ಹೆಚ್ಚು ಹಿಡಿಸಿತು. ಮೊದಲು ಧರ್ಮದಲ್ಲಿ ನಿಲ್ಲು, ಅದನ್ನು ಬಿಡದೆ ಸಂಪಾದಿಸು, ಆಮೇಲೆ ಸುಖ ಪಡು. ಧರ್ಮ ಕೂಡಿದ ಅರ್ಥ ಅಮೃತ ಬೆರೆತ ಜೇನಿನ ಹಾಗೆ ಅಂದರು. ಇದು ನಮ್ಮಂಥ ಹುಡುಗರ ಲೆಕ್ಕ ಕಣ್ರೀ! ಬೆಳಗ್ಗಿನ ಮೊದಲ ಬಸ್ಸಿಗೆ ಮಂಗಳೂರಿಗೆ ದುಡಿಯಲು ಹೋಗುವವನು, ಮುಂಬಯಿ ಹೋಟೆಲಿನಲ್ಲಿ ಗಲ್ಲಾದ ಹಿಂದೆ ನಿಂತವನು, ಗಲ್ಫಿನಿಂದ ಅಕ್ಕನ ಮದುವೆಗೆ ಹಣ ಕಳಿಸುವವನು. ಇವರ ಪಾಲಿಗೆ ಮೋಕ್ಷ ದೂರ, ಕಾಮ ತಡ, ಧರ್ಮ ಮತ್ತು ಅರ್ಥ ದಿನಾ ಬೆಳಗಾದರೆ ಎದುರು. ಬರಹಕ್ಕೆ ಸಿಗುವ ನಾಲ್ಕು ಕಾಸನ್ನು ಎಣಿಸಿ ಮನೆಗೆ ಅಕ್ಕಿ ತರುವ ನನ್ನ ಪಾಡೂ ಅದೇ.

ಪ್ರೀತಿಗೆ ಸಾವಿರ ಹಾಡು, ವೈರಾಗ್ಯಕ್ಕೆ ನೂರು. ನ್ಯಾಯವಾಗಿ ದುಡಿದು ಸಂಜೆ ದಣಿದು ಮನೆಗೆ ಬರುವವನಿಗೆ ಎಷ್ಟು? 'ಬಂಗಾರದ ಮನುಷ್ಯ' ಬಿಟ್ಟರೆ ಬೆರಳೆಣಿಕೆ. ಗೀತರಚನಕಾರರೇ, ನಕುಲ ಸಹದೇವರು ಕಾಯ್ತಾ ಇದ್ದಾರೆ. ಓದುಗ ಮಿತ್ರರೇ, ನಿಮ್ಮ ಲೆಕ್ಕದಲ್ಲಿ ಅಂಥ ಹಾಡು ಯಾವುದಾದರೂ ಇದ್ದರೆ ಪತ್ರಿಕೆಗೆ ಒಂದು ಕಾರ್ಡು ಹಾಕಿ. ಪದ ನೀವು ಕಳಿಸಿ, ಅರ್ಥ ನಾನು ಹೇಳುತ್ತೇನೆ!